ನಡುವೆ ನಿಂತ ಯಂತ್ರ: ಮರುಪ್ರಸಾರದ ಒಂದು ಸಣ್ಣ ಚರಿತ್ರೆ

ಜಯನಗರದಲ್ಲಿ ಒಂದು ರೇಡಿಯೋ ಕೇಂದ್ರವಿದೆ. ಜೈನ್ ವಿಶ್ವವಿದ್ಯಾಲಯ ನಡೆಸುವ ‘ರೇಡಿಯೋ ಆಕ್ಟಿವ್’ 2007ರಲ್ಲಿ 90.4 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಶುರುಮಾಡಿತು. ಬೆಂಗಳೂರಿನ ಮೊದಲ ಸಮುದಾಯ ಬಾನುಲಿ ಅದು. ಇಂಥ ಕೇಂದ್ರಗಳಿಗೆ ನಮ್ಮ ದೇಶದಲ್ಲಿ ಒಂದು ವಿಚಿತ್ರ ನಿಯಮವಿದೆ. ಅವು ತಮ್ಮದೇ ಸುದ್ದಿಯನ್ನು ತಯಾರಿಸಿ ಪ್ರಸಾರ ಮಾಡುವಂತಿಲ್ಲ. ಸುದ್ದಿ ಬೇಕೆಂದರೆ ಆಕಾಶವಾಣಿಯಿಂದ ಪಡೆದು ಇದ್ದ ಹಾಗೆಯೇ, ಅಥವಾ ಸ್ಥಳೀಯ ಭಾಷೆಗೆ ಅನುವಾದಿಸಿ ದಾಟಿಸಬಹುದು. ಹವಾಮಾನ, ವಾಹನ ಸಂಚಾರ, ಪರೀಕ್ಷೆ, ಹಬ್ಬ, ನೀರು ಮತ್ತು ವಿದ್ಯುತ್ ಪೂರೈಕೆಯಂಥ ವಿಷಯಗಳನ್ನು ನಿಯಮ ‘ಸುದ್ದಿ’ ಎಂದು ಎಣಿಸುವುದಿಲ್ಲ. ಅಂದರೆ ನಾಳೆ ನಾಲ್ಕನೇ ಬ್ಲಾಕಿಗೆ ಕಾವೇರಿ ನೀರು ಬರುವುದಿಲ್ಲ ಎಂದು ಹೇಳಬಹುದು. ಯಾಕೆ ಬರುವುದಿಲ್ಲ, ಯಾರ ತಪ್ಪು ಎಂದು ಹುಡುಕಿ ವರದಿ ಮಾಡಲು ಹೋದರೆ ಗೆರೆ ಹತ್ತಿರವಾಗುತ್ತದೆ.

ಸ್ವಂತ ಮಾತಿಗೆ ತಡೆ, ಬೇರೆಯವರ ಮಾತನ್ನು ದಾಟಿಸಲು ಅನುಮತಿ. ಇದು ಹೇಗೆ ಬಂತು? ಇದೇ ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಯಾವುದಾದರೂ ಮನೆಯಲ್ಲಿ ಕೂತು ಒಬ್ಬ ವಿದ್ಯಾರ್ಥಿ ಒಂದು ಸಂಜೆಯಲ್ಲಿ ಸ್ಟ್ರೀಮಿಂಗ್ ಸರ್ವರ್ ಸಜ್ಜು ಮಾಡಿ, ಎಲ್ಲಿಯದೋ ನೇರ ಪ್ರಸಾರವನ್ನು ಸಾವಿರ ಜನಕ್ಕೆ ಹರಿಸಬಲ್ಲ ಈ ಕಾಲದಲ್ಲಿ ಆ ನಿಯಮ ಹಳೆಯ ಕಾಲದ ಉಳಿಕೆಯಂತೆ ಕಾಣುತ್ತದೆ. ಅದನ್ನು ಅರ್ಥ ಮಾಡಿಕೊಳ್ಳಲು ಪ್ರಸಾರದ ಚರಿತ್ರೆಯಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ಕೆಲಸವನ್ನು ನೋಡಬೇಕು. ಅದು ಮಾತಾಡಿದವರ ಕೆಲಸವೂ ಅಲ್ಲ, ಕೇಳಿದವರ ಕೆಲಸವೂ ಅಲ್ಲ. ನಡುವೆ ನಿಂತು ದಾಟಿಸಿದವರ ಕೆಲಸ. ಮರುಪ್ರಸಾರ, ರೇಡಿಯೋ ಮಂದಿಯ ಮಾತಿನಲ್ಲಿ ‘ರಿಲೇ’.

*

ಕನ್ನಡದ ಬಾನುಲಿ ಹುಟ್ಟಿದ್ದು ಮರುಪ್ರಸಾರವಾಗಿ ಅಲ್ಲ, ಮೂಲವಾಗಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿದರು. ಕಡಿಮೆ ವಿದ್ಯುತ್ ಬಳಸುವ ಇಂದಿನ ಒಂದು ಸೀಲಿಂಗ್ ಫ್ಯಾನಿನ ಅಳತೆ ಅದು. ಮೊದಲ ದಿನ ಕುವೆಂಪು ಕವಿತೆ ಓದಿದರೆಂಬುದು ಮೈಸೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುವ ಮಾತು. ದೆಹಲಿಯ ಸರಕಾರಿ ಸೇವೆ ‘ಆಲ್ ಇಂಡಿಯಾ ರೇಡಿಯೋ’ ಎಂಬ ಹೆಸರು ಪಡೆದದ್ದು 1936ರಲ್ಲಿ. ಮೈಸೂರಿನ ‘ಆಕಾಶವಾಣಿ’ ಅದಕ್ಕಿಂತ ಹಿರಿಯದು. ಆ ಹೆಸರನ್ನು ಇಡೀ ದೇಶ ತನ್ನದಾಗಿಸಿಕೊಂಡದ್ದು ಆಮೇಲೆ, 1950ರ ದಶಕದಲ್ಲಿ.

ಆ ಮನೆಯ ಕೇಂದ್ರಕ್ಕೆ ಮೇಲಿಲ್ಲದ ಒಡೆಯ, ಕೆಳಗಿಲ್ಲದ ಶಾಖೆ. ಸಂಗೀತಗಾರರು, ಕವಿಗಳು, ಕಾಲೇಜಿನ ಮೇಷ್ಟ್ರುಗಳು ಬಂದು ಹಾಡಿದರು, ಮಾತಾಡಿದರು. ಸುತ್ತಲಿನ ಊರು ಕೇಳಿತು. ಖರ್ಚು ಬೆಳೆದಂತೆ ಒಬ್ಬರ ಕೈಯಲ್ಲಿ ನಡೆಸುವುದು ಕಷ್ಟವಾಯಿತು. ಮೊದಲು ಮೈಸೂರಿನ ಪುರಸಭೆ, ನಂತರ 1942ರಲ್ಲಿ ಸಂಸ್ಥಾನದ ಸರಕಾರ ಅದನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದ ಪಾಲಾಯಿತು. ಅದೇ ವರ್ಷ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾಗಿತ್ತು. 1955ರ ನವೆಂಬರ್ 2ರಂದು ಮೈಸೂರಿನ ಕೇಂದ್ರ ಬೆಂಗಳೂರಿಗೆ ವರ್ಗವಾಯಿತು. ಮನೆಯೊಂದರಿಂದ ಹೊರಟ ದನಿ ಇಪ್ಪತ್ತು ವರ್ಷದಲ್ಲಿ ಒಂದು ದೊಡ್ಡ ಜಾಲದ ಗಂಟಾಗಿ ಬದಲಾಯಿತು.

ಈ ಬದಲಾವಣೆಯನ್ನು ಬರೀ ನಷ್ಟ ಎನ್ನಲಾಗದು. ಗಂಟಾದ ಮೇಲೆ ಬೆಂಗಳೂರು ಕೇಂದ್ರದ ಸದ್ದು ಊರು ದಾಟಿ ಹಳ್ಳಿಗಳಿಗೆ ಹೋಯಿತು. 1952ರಲ್ಲಿ ಶುರುವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮದಿಂದ ಕರ್ನಾಟಕದ ಮನೆಗಳಿಗೆ ಗ್ವಾಲಿಯರ್ ಘರಾಣೆಯೂ, ಉತ್ತರದ ಮನೆಗಳಿಗೆ ವೀಣೆಯೂ ತಲುಪಿದವು. ಕನ್ನಡ ವಾರ್ತೆಯನ್ನು ಓದುತ್ತಿದ್ದದ್ದು ಮಾತ್ರ ದೆಹಲಿಯ ಸ್ಟುಡಿಯೋದಲ್ಲಿ. ಅಲ್ಲಿ ಕೂತ ಕನ್ನಡಿಗರು ಓದಿದ್ದನ್ನು ಇಲ್ಲಿನ ಕೇಂದ್ರಗಳು ಹಿಡಿದು ಮತ್ತೆ ಬಿತ್ತುತ್ತಿದ್ದವು. 1974ರಲ್ಲಿ ಸಂಸ್ಕೃತ ವಾರ್ತೆ ಬಂದಾಗ ‘ಇಯಂ ಆಕಾಶವಾಣೀ’ ಎಂಬ ದನಿ ಕಾಫಿ ಸೋಸುವ ಹೊತ್ತಿನ ಗುರುತಾಯಿತು. ದೂರದ ಷಾರ್ಟ್‌ವೇವ್ ಅಲೆ ವಾತಾವರಣದಲ್ಲಿ ತೂಗಾಡಿ ಏರಿಳಿಯುವುದರಿಂದ ಆ ವಾರ್ತೆಗಳು ಸಮುದ್ರದ ಆಚೆಯಿಂದ ಬಂದಂತೆ ಉಬ್ಬಿ ತಗ್ಗುತ್ತಿದ್ದವು. ಹಿರಿಯ ಕೇಳುಗರಿಗೆ ಇದು ನೆನಪಿರುತ್ತದೆ. ಆ ಏರಿಳಿತವನ್ನು ಸರಿಮಾಡುತ್ತ, ಹೊತ್ತಿಗೆ ಸರಿಯಾಗಿ ಸ್ಥಳೀಯ ಕಾರ್ಯಕ್ರಮವನ್ನು ತಗ್ಗಿಸಿ ದೆಹಲಿಯನ್ನು ಜೋಡಿಸಿ, ಮುಗಿದೊಡನೆ ಬಿಡಿಸುತ್ತಿದ್ದ ಡ್ಯೂಟಿ ರೂಮಿನ ಇಂಜಿನಿಯರನ ಹೆಸರು ಯಾವ ಪ್ರಕಟಣೆಯಲ್ಲೂ ಬರಲಿಲ್ಲ.

ಆದರೆ ಜಾಲದ ಆಕಾರ ಒಂದು ಅಭ್ಯಾಸವನ್ನು ಕಲಿಸಿತು. ಮೂಲ ದೆಹಲಿಯಲ್ಲಿರಬೇಕು, ಉಳಿದ ಊರುಗಳು ದಾಟಿಸಬೇಕು. ಜಯನಗರದ ಸಮುದಾಯ ಬಾನುಲಿಗೆ ಇರುವ ನಿಯಮದ ಬೇರು ಇಲ್ಲಿದೆ.

*

ದೂರದರ್ಶನದ ಕತೆ ಇನ್ನೂ ಸ್ಪಷ್ಟ. ಕರ್ನಾಟಕದ ಹಳ್ಳಿಗಳು ಟಿ.ವಿ. ನೋಡಿದ್ದು ಬೆಂಗಳೂರಿಗಿಂತ ಮೊದಲು. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಎ.ಟಿ.ಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಇಳಿಯಿತು. ನಮ್ಮಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಒಂದೇ ಚಿತ್ರದ ಜೊತೆ ಎರಡು ಧ್ವನಿವಾಹಿನಿಗಳನ್ನು ಕಳಿಸುವ ಏರ್ಪಾಡು ಆ ಉಪಗ್ರಹದಲ್ಲಿತ್ತು. ಹಾಗಾಗಿ ಒಂದೇ ಪ್ರಸಾರವನ್ನು ಎರಡು ಭಾಷೆಯವರು ತಮ್ಮ ತಮ್ಮ ನುಡಿಯಲ್ಲಿ ಕೇಳುವುದು ಸಾಧ್ಯವಿತ್ತು. ದಾಟಿಸುವ ಯಂತ್ರವನ್ನು ಕೇಳುವವನ ಭಾಷೆಗೆ ತಕ್ಕಂತೆ ಕಟ್ಟಬಹುದು ಎಂದು ತೋರಿಸಿದ ಪ್ರಯೋಗ ಅದು.

ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಮರುವರ್ಷ ಆಗಸ್ಟ್ 15ರಿಂದ ದೆಹಲಿಯ ‘ರಾಷ್ಟ್ರೀಯ ಕಾರ್ಯಕ್ರಮ’ ಉಪಗ್ರಹದ ಮೂಲಕ ದೇಶಕ್ಕೆಲ್ಲ ಹರಿಯತೊಡಗಿತು. ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ನಿಯಂತ್ರಣ ಕೇಂದ್ರ ತಲೆಯೆತ್ತಿತು. 1984ರ ಹೊತ್ತಿಗೆ ಹೆಚ್ಚು ಕಡಿಮೆ ದಿನಕ್ಕೊಂದರಂತೆ ಕಡಿಮೆ ಶಕ್ತಿಯ ಟ್ರಾನ್ಸ್‌ಮಿಟರುಗಳು ಊರೂರಲ್ಲಿ ನಿಂತವು. ಇವುಗಳಲ್ಲಿ ಹೆಚ್ಚಿನವಕ್ಕೆ ಸ್ಟುಡಿಯೋ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಆಕಾಶದಿಂದ ಬಂದದ್ದನ್ನು ಊರಿಗೆ ಹರಿಸುವ ಬೋಗುಣಿ ಮತ್ತು ಕಂಬ, ಅಷ್ಟೆ. ಗೋಕಾಕ್ ವರದಿಗಾಗಿ ಬೀದಿಗಿಳಿದು ಕನ್ನಡಕ್ಕೆ ಶಾಲೆಯಲ್ಲಿ ಅಗ್ರಸ್ಥಾನ ಕೇಳಿದ ಅದೇ ವರ್ಷಗಳಲ್ಲಿ ಕನ್ನಡಿಗರ ನಡುಮನೆಗೆ ರಾತ್ರಿಯ ಮುಖ್ಯ ಹೊತ್ತಿನಲ್ಲಿ ಹಿಂದಿ ಬಂದು ಕೂತಿತು. ಅದನ್ನು ಕರೆತಂದದ್ದು ಯಾವ ಆಜ್ಞೆಗಿಂತಲೂ ಹೆಚ್ಚಾಗಿ ಈ ಕಂಬಗಳು.

ಒಂದೇ ಕೊಳವೆ ಇದ್ದಾಗ ಅದರ ಪ್ರತಿ ನಿಮಿಷವೂ ಜಮೀನಿನಂತೆ ಆಗುತ್ತದೆ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಆರಂಭಿಸಿತು. ವಿಧಾನಸಭಾ ಚುನಾವಣೆ ಎದುರಿಗಿತ್ತು. ವಿರೋಧ ಗಲಭೆಯಾಯಿತು, 20ಕ್ಕೂ ಹೆಚ್ಚು ಜೀವಗಳು ಹೋದವು, ವಾರ್ತೆ ನಿಂತಿತು. ಅದಕ್ಕೆ ರಾಜಕೀಯದ ಕಾರಣಗಳು ಹಲವಿದ್ದವು. ಆದರೆ ನಗರದಲ್ಲಿ ನಾಲ್ಕಾರು ಭಾಷೆಗಳಿಗೆ ನಾಲ್ಕಾರು ವಾಹಿನಿಗಳಿದ್ದಿದ್ದರೆ ಆ ಹತ್ತು ನಿಮಿಷ ಯಾರ ಮನೆಯಿಂದ ಕಿತ್ತುಕೊಂಡದ್ದು ಎಂಬ ಪ್ರಶ್ನೆಗೆ ಅಷ್ಟು ಕಾವು ಇರುತ್ತಿರಲಿಲ್ಲ.

ಮರುವರ್ಷ, 1995ರ ಫೆಬ್ರವರಿಯಲ್ಲಿ, ಕ್ರಿಕೆಟ್ ಪ್ರಸಾರದ ಹಕ್ಕಿನ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಹೇಳಿತು. ಆ ತೀರ್ಪಿನ ಬೆನ್ನಿಗೆ 1996ರಲ್ಲಿ ಸಮುದಾಯ ಬಾನುಲಿಗಾಗಿ ‘ಬೆಂಗಳೂರು ಘೋಷಣೆ’ ಹೊರಬಂತು. ಪರವಾನಗಿ ಸಿಗಲು ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಆ ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ ಕಾಯದೆ ಒಂದು ದಾರಿ ಕಂಡುಕೊಂಡರು. ‘ವಾಯ್ಸಸ್’ ಮತ್ತು ‘ಮೈರಾಡ’ ಸಂಸ್ಥೆಗಳ ನೆರವಿನಿಂದ 2001ರ ಸುಮಾರಿಗೆ ಶುರುವಾದ ‘ನಮ್ಮ ಧ್ವನಿ’ಗೆ ಗಾಳಿಯಲ್ಲಿ ಮಾತಾಡುವ ಹಕ್ಕಿರಲಿಲ್ಲ. ಹಾಗಾಗಿ ಮೊದಲು ಧ್ವನಿವರ್ಧಕ, ಆಮೇಲೆ ಟಿ.ವಿ. ಕೇಬಲ್ಲಿನ ತಂತಿ. ಗಾಳಿಗೆ ಪರವಾನಗಿ ಬೇಕು, ತಂತಿಗೆ ಬೇಡ ಎಂಬ ಸಂದಿನಲ್ಲಿ ಒಂದು ಹಳ್ಳಿ ತನ್ನ ದನಿಯನ್ನು ತಾನೇ ಹರಿಸಿಕೊಂಡಿತು. ಅಂತರ್ಜಾಲದ ಪ್ರಸಾರವೂ ಮೂಲದಲ್ಲಿ ಅದೇ ಸಂದು, ಉದ್ದನೆಯ ತಂತಿ.

*

ಗಾಳಿಗೂ ತಂತಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ರೇಡಿಯೋ ಟ್ರಾನ್ಸ್‌ಮಿಟರಿಗೆ ಹತ್ತು ಜನ ಕೇಳಿದರೂ ಹತ್ತು ಲಕ್ಷ ಜನ ಕೇಳಿದರೂ ಕರೆಂಟ್ ಬಿಲ್ಲು ಒಂದೇ. ಅಂತರ್ಜಾಲದಲ್ಲಿ ಪ್ರತಿ ಕೇಳುಗನಿಗೂ ಬೇರೆ ಪ್ರತಿ ಕಳಿಸಬೇಕು. ಸೆಕೆಂಡಿಗೆ 64 ಕಿಲೋಬಿಟ್‌ನ ಸಾಧಾರಣ ಧ್ವನಿಯನ್ನು ಸಾವಿರ ಜನ ಕೇಳಿದರೆ 64 ಮೆಗಾಬಿಟ್ ಬೇಕು. ಮನೆಯ ಸಂಪರ್ಕ ಅಲ್ಲಿಗೇ ಏದುಸಿರು ಬಿಡುತ್ತದೆ. 1992ರಲ್ಲಿ ‘ಎಂಬೋನ್’ ಎಂಬ ಪ್ರಯೋಗ ಈ ತೊಡಕನ್ನು ಬಿಡಿಸಲು ನೋಡಿತು. ಒಂದೇ ಪ್ರತಿಯನ್ನು ಕಳಿಸಿ, ಕವಲು ಬಂದಲ್ಲಿ ಮಾತ್ರ ಜಾಲವೇ ಅದನ್ನು ಇಬ್ಬಾಗಿಸುವ ಉಪಾಯ. ಆ ವರ್ಷ ಸ್ಯಾನ್ ಡಿಯೇಗೋದ ಇಂಟರ್‌ನೆಟ್ ಇಂಜಿನಿಯರುಗಳ ಸಭೆಯ ಧ್ವನಿ ಮೂರು ಖಂಡಗಳ 20 ಕಡೆ ಕೇಳಿಸಿತು. ಆದರೆ ಜಾಲ ನಡೆಸುವ ಕಂಪನಿಗಳು ಸಾಮಾನ್ಯ ಬಳಕೆದಾರರಿಗೆ ಆ ಬಾಗಿಲು ತೆರೆಯಲಿಲ್ಲ. 1995ರಲ್ಲಿ ರಿಯಲ್ ಆಡಿಯೋ ಬಂತು. ಅದೇ ವರ್ಷ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಭಾರತದ ಜನರಿಗೆ ಇಂಟರ್‌ನೆಟ್ ಕೊಡತೊಡಗಿತು.

1990ರ ದಶಕದ ಕೊನೆಗೆ ಬಂದ ಷೌಟ್‌ಕಾಸ್ಟ್, ಐಸ್‌ಕಾಸ್ಟ್‌ನಂಥ ಸರ್ವರುಗಳು ಹಳೆಯ ಉತ್ತರಕ್ಕೇ ಮರಳಿದವು: ರಿಲೇ. ಬನಶಂಕರಿಯ ಒಂದು ಸಣ್ಣ ಸಭಾಂಗಣದಲ್ಲಿ ಕಚೇರಿ ನಡೆಯುತ್ತಿದೆ ಎಂದುಕೊಳ್ಳಿ. ಅಲ್ಲಿಂದ ಒಂದೇ ಒಂದು ಹೊಳೆ ಮೂಲ ಸರ್ವರಿಗೆ ಹೋಗುತ್ತದೆ. ಬೇರೆ ಊರಿನ ಎರಡನೆಯ ಸರ್ವರು ತಾನೂ ಒಬ್ಬ ಕೇಳುಗನೆಂಬಂತೆ ಅದನ್ನು ಎಳೆದುಕೊಂಡು ತನ್ನ ಐನೂರು ಕೇಳುಗರಿಗೆ ಹಂಚುತ್ತದೆ. ಮೂಲಕ್ಕೆ ಹೆಚ್ಚಿದ ಭಾರ ಒಬ್ಬನದು ಮಾತ್ರ. ಐಸ್‌ಕಾಸ್ಟ್‌ನ ಸಂರಚನಾ ಕಡತದಲ್ಲಿ ಇದಕ್ಕೆ ಬೇಕಾದದ್ದು ನಾಲ್ಕೈದು ಸಾಲು: ಮೂಲ ಸರ್ವರಿನ ವಿಳಾಸ, ಪೋರ್ಟಿನ ಸಂಖ್ಯೆ, ಅಲ್ಲಿ ಆ ಪ್ರಸಾರಕ್ಕಿರುವ ‘ಮೌಂಟ್’ ಹೆಸರು, ಇಲ್ಲಿ ಅದಕ್ಕೆ ಕೊಡುವ ಹೆಸರು. ‘ಆನ್-ಡಿಮ್ಯಾಂಡ್’ ಎಂದು ಬರೆದರೆ ಕೇಳುವವರು ಒಬ್ಬರಾದರೂ ಬಂದಾಗ ಮಾತ್ರ ಎಳೆಯುತ್ತದೆ, ಇಲ್ಲದಾಗ ಸುಮ್ಮನಿರುತ್ತದೆ.

ಇನ್ನೊಂದು ಸಾಲಿನ ಹೆಸರು ‘ಫಾಲ್‌ಬ್ಯಾಕ್’. ಮೂಲ ಕಡಿದುಹೋದರೆ ಕೇಳುಗರನ್ನು ಯಾವ ಬದಲಿ ಪ್ರಸಾರಕ್ಕೆ ಸಾಗಿಸಬೇಕು ಎಂದು ಅದು ಹೇಳುತ್ತದೆ. ಮೂಲ ಮರಳಿದೊಡನೆ ಅವರನ್ನು ವಾಪಸು ಕರೆತರುವ ಆಯ್ಕೆಯೂ ಇದೆ. ದೂರದರ್ಶನದ ಕಾಲದವರಿಗೆ ಇದು ಹೊಸದಲ್ಲ. ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಂಬ ಫಲಕ ಅಂದಿನ ಫಾಲ್‌ಬ್ಯಾಕ್. ಡ್ಯೂಟಿ ರೂಮಿನ ಇಂಜಿನಿಯರ್ ಗಡಿಯಾರ ನೋಡುತ್ತ ಕೈಯಿಂದ ಮಾಡುತ್ತಿದ್ದ ಕೆಲಸಗಳೆಲ್ಲ ಒಂದು ಪುಟದ ಕಡತವಾದವು. ಜೊತೆಗೆ ಎರಡು ಬೇರೆ ಬಾಗಿಲುಗಳ ವ್ಯವಸ್ಥೆ: ಧ್ವನಿ ಒಳಗೆ ತರುವವನಿಗೆ ಗುಪ್ತಪದ ಬೇಕು, ಕೇಳುವವನಿಗೆ ಬೇಡ. ಐಸ್‌ಕಾಸ್ಟ್ ಮಾಡಿದವರು ಮೊದಲೇ ತುಂಬಿಟ್ಟ ಗುಪ್ತಪದ ‘ಹ್ಯಾಕ್‌ಮಿ’. ಬದಲಿಸದೆ ಬಿಟ್ಟರೆ ಏನಾಗುತ್ತದೆಂದು ಅದೇ ಹೇಳುತ್ತದೆ.

*

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಾಗ ಬೆಂಗಳೂರಿನಲ್ಲಿ ರಾಮನವಮಿ ಸಂಗೀತದ ಹೊತ್ತು. ಚಪ್ಪರಗಳು ಏಳಲಿಲ್ಲ. ಜೆ.ಪಿ. ನಗರದ ರಂಗಶಂಕರದಲ್ಲಿ ದೀಪ ಆರಿತು. ಕಲಾವಿದರು ಮನೆಯ ಗೋಡೆಗೆ ಸೀರೆ ಕಟ್ಟಿ, ಫೋನಿನ ಮುಂದೆ ತಂಬೂರಿ ಇಟ್ಟು ಹಾಡಿದರು. ಮೈಸೂರಿನ ಪ್ರಾಧ್ಯಾಪಕರ ಮನೆಯಲ್ಲಿ 85 ವರ್ಷ ಹಿಂದೆ ಆದದ್ದು ಸಾವಿರ ಮನೆಗಳಲ್ಲಿ ಒಟ್ಟಿಗೆ ಆಯಿತು. ಪ್ರತಿ ಮನೆಯೂ ಮೂಲವಾಯಿತು.

ಆದರೆ ನಡುವಣ ಯಂತ್ರ ಯಾರ ಮನೆಯಲ್ಲೂ ಇರಲಿಲ್ಲ. ಬಹುತೇಕ ಎಲ್ಲರೂ ಎರಡು ಮೂರು ಅಮೆರಿಕನ್ ಕಂಪನಿಗಳ ಪುಕ್ಕಟೆ ಕೊಳವೆಯಲ್ಲಿ ಹರಿದರು. ಅದರ ಶಕ್ತಿ ಅಸಾಧಾರಣ. 2023ರ ಆಗಸ್ಟ್ 23ರಂದು ಪೀಣ್ಯದ ಇಸ್ಟ್ರಾಕ್‌ನಿಂದ ಚಂದ್ರಯಾನ-3 ಇಳಿಯುವುದನ್ನು ಯೂಟ್ಯೂಬ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ನೋಡಿದರು. ನಾವು ನಾವೇ ಸಜ್ಜು ಮಾಡಿದ ಸರ್ವರಿಗೆ ಅದು ಕನಸಿನ ಮಾತು. ಅದೇ ಕೊಳವೆಯ ಇನ್ನೊಂದು ಗುಣ ಶಾಸ್ತ್ರೀಯ ಸಂಗೀತಗಾರರು ಅನುಭವಿಸಿದರು. ಇನ್ನೂರು ವರ್ಷ ಹಳೆಯ ಕೃತಿಯನ್ನು ತಾವೇ ಹಾಡುತ್ತಿದ್ದರೂ ಯಾವುದೋ ಧ್ವನಿಮುದ್ರಣಕ್ಕೆ ಹೋಲುತ್ತದೆಂದು ಯಂತ್ರ ಸದ್ದು ಅಡಗಿಸುತ್ತಿತ್ತು. ಮನವಿ ಸಲ್ಲಿಸಿ ಉತ್ತರ ಬರುವಷ್ಟರಲ್ಲಿ ಮಂಗಳ ಹಾಡಿ ಮುಗಿದಿರುತ್ತಿತ್ತು. ದೆಹಲಿಗೆ ಕಾಗದವನ್ನಾದರೂ ಬರೆಯಬಹುದಿತ್ತು.

ನಡುವಣ ಯಂತ್ರದ ಪ್ರಶ್ನೆ ಎಷ್ಟು ಗಂಭೀರ ಎಂಬುದನ್ನು ತೋರಿಸಿದ್ದು ಸಂಗೀತವಲ್ಲ, ನ್ಯಾಯಾಲಯ. ಕಲಾಪದ ನೇರ ಪ್ರಸಾರಕ್ಕೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಒಪ್ಪಿತ್ತು. ಕರ್ನಾಟಕ ಹೈಕೋರ್ಟ್ 2021ರ ಮೇ 31ರಂದು ಪ್ರಾಯೋಗಿಕವಾಗಿ ಅದನ್ನು ಆರಂಭಿಸಿತು. ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು. ಅದೇ ಫೆಬ್ರವರಿಯಲ್ಲಿ ಹಿಜಾಬ್ ಪ್ರಕರಣದ ವಾದಗಳನ್ನು ನಾಡಿನ ಜನ ದಿನಗಟ್ಟಲೆ ನೇರವಾಗಿ ಕೇಳಿದರು. ವಕೀಲರು ಏನೆಂದರು ಎಂದು ತಿಳಿಯಲು ಮರುದಿನದ ಪತ್ರಿಕೆಗೆ ಕಾಯಬೇಕಾಗಲಿಲ್ಲ. ನಡುವಿನವರ ಮೇಲೆ ಅವಲಂಬಿಸದೆ ಒಂದು ಸಾರ್ವಜನಿಕ ಸಂಸ್ಥೆಯ ಮಾತನ್ನು ಕೇಳಿದ್ದು ಕನ್ನಡಿಗರಿಗೆ ಹೊಸ ಅನುಭವ.

2023ರ ಡಿಸೆಂಬರಿನಲ್ಲಿ ವಿಡಿಯೋ ಕಾನ್ಫರೆನ್ಸಿನೊಳಗೆ ಯಾರೋ ನುಸುಳಿ ಅಶ್ಲೀಲ ದೃಶ್ಯ ಹರಿಸಿದರು. ಹೈಕೋರ್ಟ್ ಕಾನ್ಫರೆನ್ಸನ್ನೂ ನೇರ ಪ್ರಸಾರವನ್ನೂ ಒಟ್ಟಿಗೆ ನಿಲ್ಲಿಸಿತು. ಆ ಗಳಿಗೆಯ ಗಾಬರಿ ಸಹಜ. ಆದರೂ ಎರಡು ಬಾಗಿಲುಗಳ ಮಾತನ್ನು ಇಲ್ಲಿ ನೆನೆಯಬೇಕು. ಕಿಡಿಗೇಡಿಗಳು ಬಂದದ್ದು ಮಾತಾಡುವವರ ಬಾಗಿಲಿನಿಂದ. ಮುಚ್ಚಿದ್ದರಲ್ಲಿ ಕೇಳುವವರ ಬಾಗಿಲೂ ಸೇರಿತ್ತು. ಪ್ರಸಾರ ಆಮೇಲೆ ಮರಳಿತು. 2024ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಯೊಬ್ಬರು ಕಲಾಪದ ನಡುವೆ ಆಡಿದ ಮಾತಿನ ತುಣುಕುಗಳು ಎಲ್ಲೆಡೆ ಹರಿದಾಡಿದವು. ತುಣುಕುಗಳನ್ನು ಬಳಸದಂತೆ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ಮರುದಿನ ಸುಪ್ರೀಂ ಕೋರ್ಟ್, ನ್ಯಾಯಮೂರ್ತಿಯ ವಿಷಾದವನ್ನು ದಾಖಲಿಸಿ ಪ್ರಕರಣ ಮುಗಿಸುತ್ತ, ಬೆಳಕಿಗೆ ಉತ್ತರ ಇನ್ನಷ್ಟು ಬೆಳಕೇ ಹೊರತು ಮುಚ್ಚುವುದಲ್ಲ ಎಂಬರ್ಥದ ಮಾತು ಹೇಳಿತು. ಆ ಮಾತುಗಳನ್ನು ಆಡಿದ್ದು ಎಲ್ಲರೂ ಕೇಳಬಹುದಾದ ಪ್ರಸಾರದಲ್ಲಿ ಎಂಬುದರಿಂದಲೇ ಅವು ಚರ್ಚೆಗೆ ಬಂದವು. ತುಣುಕು ಮಾಡುವವನು ಹಿಂದು ಮುಂದು ಕತ್ತರಿಸಿ ಅರ್ಥ ಕೆಡಿಸಬಲ್ಲ ಎಂಬ ಆತಂಕವೂ ಸುಳ್ಳಲ್ಲ. ಆದರೆ ಕತ್ತರಿಸಿದ್ದನ್ನು ಪರೀಕ್ಷಿಸಲು ಇಡೀ ಮೂಲ ಎಲ್ಲೋ ಒಂದು ಕಡೆ ಎಲ್ಲರಿಗೂ ಸಿಗುವಂತೆ ಇರಬೇಕಾಗುತ್ತದೆ.

ಮರುಪ್ರಸಾರದ ಸ್ವಭಾವದಲ್ಲೇ ಈ ಕೊರತೆ ಇದೆ. ಅದು ದಾಟಿಸುತ್ತದೆ, ಉಳಿಸಿಕೊಳ್ಳುವುದಿಲ್ಲ. ಐಸ್‌ಕಾಸ್ಟ್ ಸರ್ವರ್ ಕೆಲವೇ ಸೆಕೆಂಡುಗಳ ಧ್ವನಿಯನ್ನು ಹಿಡಿದಿಟ್ಟು, ದಾಟಿಸಿ, ಮರೆಯುತ್ತದೆ. ನೆನಪಿಡು ಎಂದು ಬೇರೆಯಾಗಿ ಬರೆಯಬೇಕು. 1935ರ ಆ ಸಂಜೆ ಮೈಸೂರಿನಲ್ಲಿ ಏನು ಕೇಳಿಸಿತೆಂದು ನಾವು ತಿಳಿದಿರುವುದು ಜನರ ನೆನಪಿನಿಂದ.

ಬಿ.ಟಿ.ಎಂ. ಬಡಾವಣೆಯ ಒಂದು ಬಾಡಿಗೆ ಕೋಣೆಯಲ್ಲಿ ಇಂಥ ಸರ್ವರನ್ನು ಸಜ್ಜು ಮಾಡುವುದು ದೊಡ್ಡ ಕಂಪನಿಗಳಿಗೆ ಸವಾಲಲ್ಲ. ಐವತ್ತು ನೂರು ಜನರ ಸಂಗೀತ ಸಭೆ, ಒಂದು ನಾಟಕ ತಂಡ, ಒಂದು ವಾರ್ಡ್ ಸಮಿತಿಯ ಸಭೆಗೆ ಅದು ಸಾಕು. ತಿಂಗಳಿಗೆ ಒಂದು ಕುಟುಂಬದ ಸಿನಿಮಾ ಟಿಕೆಟ್ಟಿನ ಖರ್ಚಿನಲ್ಲಿ ಅದು ನಡೆಯುತ್ತದೆ. ತರಂಗಾಂತರದ ಪರವಾನಗಿ ಬೇಡ. ಎಲ್ಲಿಂದ ಎಳೆಯಬೇಕು, ಕಡಿದುಹೋದಾಗ ಏನು ಕೇಳಿಸಬೇಕು, ಯಾವ ಬಾಗಿಲಿಗೆ ಬೀಗ, ಏನನ್ನು ಉಳಿಸಿಡಬೇಕು: ಗೋಪಾಲಸ್ವಾಮಿಯವರ ನಂತರ ಬಹುಕಾಲ ಬೇರೆಯವರು ನಮ್ಮ ಪರವಾಗಿ ತೀರ್ಮಾನಿಸಿದ ಈ ನಾಲ್ಕು ವಿಷಯಗಳನ್ನು ಆ ಒಂದು ಪುಟದ ಕಡತ ನಮ್ಮನ್ನೇ ಕೇಳುತ್ತದೆ.